ವೈಕಿಂಗರು ಬಿಟ್ಟುಹೋದ 'ಅವರ': ಹಳೆಯ ಸ್ಕಾಟ್ಸ್ ಭಾಷೆಯ ಒಂದು ಸರ್ವನಾಮ

(ಎಡಿನ್‌ಬರೋದಲ್ಲಿರುವ ಕನ್ನಡ ಗೆಳೆಯರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಆವತ್ತು ಗೋಡೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಹಾಗಾಗಿ ಅಕ್ಷರಗಳ ಆಕಾರವನ್ನು ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಇಲ್ಲಿಗೆ ಬಂದ ಹೊಸದು. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಹತ್ತಿರ ಸಿಕ್ಕಿ ಮಾತಾಡಿಸಿದರು. ಮಗನ ಸುದ್ದಿ ಹೇಳುತ್ತಿದ್ದರು. ಮಗನ ಹೆಸರು ಬಂದಾಗಲೆಲ್ಲ ಅದರ ಮುಂಚೆ 'ಊರ್' ಅಂತ ಒಂದು ಪದ ಸೇರಿಸುತ್ತಿದ್ದರು. ನನ್ನ ಕಿವಿಗೆ ಅದು ಕನ್ನಡದ ಊರು! ಎರಡು ದಿನ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಆಮೇಲೆ ಗೊತ್ತಾಯಿತು, ಇವರ 'ಊರ್' ಅಂದರೆ 'ನಮ್ಮ'. 'ನಮ್ಮ ರಮೇಶ ಬಂದ' ಅಂತ ನಾವು ಹೇಳುತ್ತೇವಲ್ಲ, ಅದೇ ಸಲಿಗೆ, ಅದೇ ಅಕ್ಕರೆ. ಇಲ್ಲಿನ ಒಂದು ಭಾನುವಾರದ ಪತ್ರಿಕೆಯಲ್ಲಿ 1936ರಿಂದ ಬರುತ್ತಿರುವ ತುಂಟ ಹುಡುಗನ ಚಿತ್ರಕಥೆಯ ಹೆಸರೂ 'ಊರ್ ವುಲ್ಲಿ'. ನಮ್ಮ ವುಲ್ಲಿ.

ಅಜ್ಜಿಯದು ತಪ್ಪು ಉಚ್ಚಾರಣೆ ಅಂದುಕೊಳ್ಳಬೇಡಿ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲೂ ಅದು 'ಊರೆ'ಯೇ. ಆಮೇಲೆ ದಕ್ಷಿಣದವರು ಆ ಉದ್ದದ ಊಕಾರವನ್ನು ಬದಲಾಯಿಸಿಕೊಂಡರು. ಹೂಸ್ ಅನ್ನುತ್ತಿದ್ದದ್ದು ಹೌಸ್ ಆಯಿತು, ಮೂಸ್ ಮೌಸ್ ಆಯಿತು, ಊರ್ ಔರ್ ಆಯಿತು. ಸ್ಕಾಟ್ಲೆಂಡಿನಲ್ಲಿ ಹಳೆಯ ಸ್ವರ ಹಾಗೇ ಉಳಿಯಿತು. ಅಂದರೆ ಅಜ್ಜಿಯ ಬಾಯಲ್ಲಿದ್ದದ್ದು ಎರಡರಲ್ಲಿ ಹಳೆಯದು.

ಆ ಒಂದು ಪದ ಹಿಡಿದು ಹುಡುಕುತ್ತಾ ಹೋದೆ. ಹಾಗೆ ಹೋದವನು ಬಂದು ನಿಂತದ್ದು ಮಾತ್ರ ಇನ್ನೊಂದು ಪದದ ಮುಂದೆ. ಇವತ್ತಿನ ಮಾತು ಅದರ ಬಗ್ಗೆ. ನಾವು 'ಅವರ' ಅನ್ನುವುದಕ್ಕೆ ಹಳೆಯ ಸ್ಕಾಟ್ಸ್‌ನಲ್ಲಿದ್ದ ಪದ. 'ದೇರ್' ಅಂತ ಓದಿ. ಇಂಗ್ಲಿಷಿನಲ್ಲೂ ಅದೇ ಪದ ಅಲ್ವಾ, ಅದರಲ್ಲೇನಿದೆ ಅಂತ ನಿಮಗೆ ಅನಿಸಬಹುದು. ಅಲ್ಲೇ ಇರುವುದು ವಿಷಯ. ಈ ಪದ ಉತ್ತರದಿಂದ ದಕ್ಷಿಣಕ್ಕೆ ಹೋದದ್ದು. ಲಂಡನ್ನಿನ ಕವಿಗಳು ಇನ್ನೂ ಬೇರೆ ಪದ ಬರೆಯುತ್ತಿದ್ದಾಗ ಸ್ಕಾಟರು ಇದನ್ನು ಬಳಸುತ್ತಿದ್ದರು. ಇನ್ನೂರು ವರ್ಷ ಕಳೆದ ಮೇಲೆ, ಇದೇ ಪದವನ್ನು ಹೇಗೆ ಬರೆಯಬೇಕು ಅಂತ ದಕ್ಷಿಣದಿಂದ ಉತ್ತರಕ್ಕೆ ಪಾಠ ಬಂತು. ಸ್ಕಾಟ್ಸ್ ಅಂದರೆ ಕೆಟ್ಟುಹೋದ ಇಂಗ್ಲಿಷ್ ಅಂತ ಯಾರಾದರೂ ಹೇಳಿದರೆ ನಾನು ಅವರ ಮುಂದೆ ಇಡುವುದು ಈ ಒಂದು ಪದವನ್ನೇ.

ಮೊದಲು ಭಾಷೆಯ ಬಗ್ಗೆ ಎರಡು ಮಾತು. ಸ್ಕಾಟ್ಸ್ ಅಂದರೆ ಗೇಲಿಕ್ ಅಲ್ಲ. ಗೇಲಿಕ್ ಬೇರೆ ಬಳಗದ ಭಾಷೆ. ಸ್ಕಾಟ್ಸ್ ಇಂಗ್ಲಿಷಿನ ಒಡಹುಟ್ಟು. 7ನೇ ಶತಮಾನದಲ್ಲಿ ಆಂಗ್ಲರು ಎಂಬ ಜರ್ಮನಿಕ್ ಬುಡಕಟ್ಟಿನವರು ಉತ್ತರ ಇಂಗ್ಲೆಂಡಿನ ನಾರ್ಥಂಬ್ರಿಯಾ ಕಡೆಯಿಂದ ಎಡಿನ್‌ಬರೋ ಸುತ್ತಲಿನ ಈ ಲೋಥಿಯನ್ ಸೀಮೆಗೆ ಬಂದಾಗ ಜೊತೆಗೆ ತಂದ ಮಾತು ಇದರ ಬೇರು. ಬಹಳ ಕಾಲ ಇವರೇ ಇದನ್ನು 'ಇಂಗ್ಲಿಸ್' ಅಂತ ಕರೆಯುತ್ತಿದ್ದರು. 1513ರಲ್ಲಿ ರೋಮನ್ ಕವಿ ವರ್ಜಿಲ್‌ನ ಮಹಾಕಾವ್ಯವನ್ನು ಅನುವಾದಿಸಿ ಮುಗಿಸಿದ ಗ್ಯಾವಿನ್ ಡಗ್ಲಸ್, ತಾನು ಬರೆದದ್ದು 'ಸ್ಕಾಟಿಸ್' ಭಾಷೆಯಲ್ಲಿ ಅಂತ ಹೆಮ್ಮೆಯಿಂದ ಹೇಳಿಕೊಂಡ. 2011ರ ಜನಗಣತಿಯಲ್ಲಿ ಮೊದಲ ಸಲ ಸ್ಕಾಟ್ಸ್ ಬಗ್ಗೆ ಕೇಳಿದಾಗ 15 ಲಕ್ಷಕ್ಕೂ ಜಾಸ್ತಿ ಜನ ತಮಗೆ ಆ ಭಾಷೆ ಆಡಲು ಬರುತ್ತದೆ ಅಂದರು.

ಈಗ ಒಂದು ಸಣ್ಣ ಯೋಚನೆ ಮಾಡಿ. ಕನ್ನಡ ಎಷ್ಟು ಭಾಷೆಗಳಿಂದ ಪದ ತಂದುಕೊಂಡಿದೆ? ಸಂಸ್ಕೃತದಿಂದ ಸಾವಿರಾರು. ಕುರ್ಚಿ, ದವಾಖಾನೆ, ಅಲಮಾರು, ಬಸ್ಸು ಎಲ್ಲ ಹೊರಗಿನವೇ. ಆದರೆ ನನ್ನ, ನಿನ್ನ, ನಮ್ಮ, ಅವರ? ಒಂದನ್ನೂ ಯಾರಿಂದಲೂ ಕೇಳಿ ತಂದಿಲ್ಲ. ಯಾವ ಭಾಷೆಯೂ ಸುಲಭಕ್ಕೆ ತರುವುದಿಲ್ಲ. ಅಡುಗೆಮನೆಗೆ ಹೊಸ ಪಾತ್ರೆ ತರುತ್ತೇವೆ, ಒಲೆಯ ಕಲ್ಲನ್ನು ಪಕ್ಕದ ಮನೆಯಿಂದ ಎತ್ತಿಕೊಂಡು ಬರುವುದಿಲ್ಲ. ಉತ್ತರ ಇಂಗ್ಲೆಂಡಿನ ಜನ ಅದನ್ನೂ ಮಾಡಿದರು.

ಕಾರಣ ಇತ್ತು. ಹಳೆಯ ಇಂಗ್ಲಿಷಿನಲ್ಲಿ 'ಅವಳ' ಅನ್ನುವುದಕ್ಕೆ 'ಹಿರೆ', 'ಅವರ' ಅನ್ನುವುದಕ್ಕೆ 'ಹಿರ'. ಕೊನೆಯ ಒಂದು ಸ್ವರದಲ್ಲಷ್ಟೇ ವ್ಯತ್ಯಾಸ. ಕಾಲ ಕಳೆದಂತೆ ಪದದ ಕೊನೆಯ ಸ್ವರಗಳು ಸವೆದುಹೋದವು. ಎರಡೂ ಒಂದೇ ಆದವು. ಕನ್ನಡದಲ್ಲಿ 'ಅವಳ ದೋಣಿ', 'ಅವರ ದೋಣಿ' ಎರಡನ್ನೂ ಒಂದೇ ಥರ ಹೇಳಬೇಕಾಗಿ ಬಂದರೆ ಹೇಗಿರುತ್ತೆ? ಸಂತೆಯಲ್ಲಿ, ಜಮೀನಿನ ಜಗಳದಲ್ಲಿ, ಆಸ್ತಿ ಪಾಲಿನಲ್ಲಿ ಎಷ್ಟು ಕಷ್ಟ! ಷಷ್ಠಿ ವಿಭಕ್ತಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಸುಮ್ನೆ ಅಲ್ಲ. ಯಾರದು ಏನು ಅಂತ ತೀರ್ಮಾನ ಆಗುವುದೇ ಅಲ್ಲಿ.

ಅದೇ ಕಾಲಕ್ಕೆ ಪಕ್ಕದಲ್ಲಿ ವೈಕಿಂಗರಿದ್ದರು, ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದ ಜನ. 865ರಲ್ಲಿ ಅವರ ದೊಡ್ಡ ದಂಡು ಇಂಗ್ಲೆಂಡಿಗೆ ಬಂತು. 876ರಲ್ಲಿ ಹಾಫ್‌ಡನ್ ಎಂಬ ಅವರ ನಾಯಕ ನಾರ್ಥಂಬ್ರಿಯಾದ ಭೂಮಿಯನ್ನು ತನ್ನವರಿಗೆ ಹಂಚಿದ, ಅವರು ಉಳುಮೆಗೆ ಇಳಿದರು ಅಂತ ಆ ಕಾಲದ ವಾರ್ಷಿಕ ದಾಖಲೆ ಹೇಳುತ್ತದೆ. ಕೊಳ್ಳೆ ಹೊಡೆಯಲು ಬಂದವರು ನೆರೆಹೊರೆಯವರಾದರು, ಬೀಗರಾದರು. ಅವರ ನಾರ್ಸ್ ಭಾಷೆಯಲ್ಲಿ 'ಅವರು' ಅಂದರೆ 'ಥೇಯ್ರ್', 'ಅವರ' ಅಂದರೆ 'ಥೇಯ್ರ'. ಇದು 'ಅವಳ' ಎಂಬ ಪದದ ಜೊತೆ ಯಾವ ರೀತಿಯಲ್ಲೂ ಗೊಂದಲವಾಗುವಂಥದ್ದಲ್ಲ. ಜನ ಅದನ್ನೇ ಹಿಡಿದುಕೊಂಡರು. ಹಳೆಯ ಇಂಗ್ಲಿಷಿನಲ್ಲೇ 'ಆ' ಎಂದು ತೋರಿಸಿ ಹೇಳುವ ಪದಗಳಿದ್ದವು, ಅವುಗಳಿಂದಲೇ ಇದು ಬೆಳೆಯಿತು ಅಂತ ಈಚೆಗೆ ಕೆಲವು ವಿದ್ವಾಂಸರು ವಾದಿಸುತ್ತಾರೆ. ಆ ಪದಗಳೂ ಥಕಾರದಿಂದಲೇ ಶುರುವಾಗುತ್ತಿದ್ದವು, ಹಾಗಾಗಿ ಅವು ದಾರಿ ಮಾಡಿಕೊಟ್ಟಿರಬಹುದು ಅಂತ ನನಗೂ ಅನಿಸುತ್ತದೆ. ಆದರೆ ವೈಕಿಂಗರು ಜಾಸ್ತಿ ನೆಲೆಸಿದ ಸೀಮೆಗಳಲ್ಲೇ ಹೊಸ ರೂಪ ಮೊದಲು ಕಾಣಿಸಿಕೊಂಡದ್ದನ್ನು ನೋಡಿದರೆ ನಾರ್ಸ್ ಪಾಲನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ.

ಈ ಪದ ಸ್ಕಾಟ್ಲೆಂಡಿಗೆ ಬಂದ ದಾರಿಯೂ ಚೆನ್ನಾಗಿದೆ. ವೈಕಿಂಗರ ಹಡಗಿನಲ್ಲಿ ನೇರವಾಗಿ ಬರಲಿಲ್ಲ. 1124ರಿಂದ 1153ರವರೆಗೆ ಆಳಿದ ರಾಜ ಒಂದನೇ ಡೇವಿಡ್ ಇಲ್ಲಿ ಹೊಸ ಪೇಟೆಗಳನ್ನು ಕಟ್ಟಿಸಿದ. ಬೆರಿಕ್, ರಾಕ್ಸ್‌ಬರೋ, ಸ್ಟರ್ಲಿಂಗ್, ನಮ್ಮ ಎಡಿನ್‌ಬರೋ. ಅಲ್ಲಿಗೆ ವ್ಯಾಪಾರಿಗಳು, ಕುಶಲಕರ್ಮಿಗಳು ಉತ್ತರ ಇಂಗ್ಲೆಂಡಿನಿಂದ ಬಂದರು. ಅವರ ಮಾತಿನಲ್ಲಿ ನಾರ್ಸ್ ಆಗಲೇ ಬೆರೆತುಹೋಗಿತ್ತು. ಚರ್ಚಿಗೆ 'ಕಿರ್ಕ್', ಸೇತುವೆಗೆ 'ಬ್ರಿಗ್', ಪೆಟ್ಟಿಗೆಗೆ 'ಕಿಸ್ಟ್' ಎಂಬ ರೂಪಗಳ ಹಿಂದೆಯೂ ನಾರ್ಸ್ ನೆರಳಿದೆ. ಅಂಥ ಮಾತಿನ ಜೊತೆ 'ದೇರ್' ಕೂಡ ಪೇಟೆಬೀದಿಗೆ ಬಂತು.

ಈಗ ಇಬ್ಬರು ಕವಿಗಳನ್ನು ಅಕ್ಕಪಕ್ಕ ಕೂರಿಸುತ್ತೇನೆ. ಇಬ್ಬರೂ ಒಂದೇ ಕಾಲದವರು. ಒಬ್ಬ ಅಬರ್ಡೀನಿನ ಚರ್ಚ್ ಅಧಿಕಾರಿ ಜಾನ್ ಬಾರ್ಬರ್, ತೀರಿಕೊಂಡದ್ದು 1395ರಲ್ಲಿ. ಇನ್ನೊಬ್ಬ ಲಂಡನ್ನಿನ ಜೆಫ್ರಿ ಚಾಸರ್, ತೀರಿಕೊಂಡದ್ದು 1400ರಲ್ಲಿ. ಬಾರ್ಬರ್ 1375ರ ಸುಮಾರಿಗೆ ರಾಜ ರಾಬರ್ಟ್ ಬ್ರೂಸ್‌ನ ಕಥೆಯನ್ನು ಸ್ಕಾಟ್ಸ್‌ನಲ್ಲಿ ದೊಡ್ಡ ಕಾವ್ಯವಾಗಿ ಬರೆದ. ಅದರ ಮೊದಲ ಸಾಲು ಹೇಳುವುದು: ಕಥೆಗಳನ್ನು ಓದುವುದು ಖುಷಿ. ಎರಡನೇ ಸಾಲು: ಅವು ಬರೀ ಕಟ್ಟುಕಥೆಯಾದರೂ ಸರಿ. ಆ ಎರಡನೇ ಸಾಲಿನಲ್ಲೇ 'ಅವು' ಎಂಬಲ್ಲಿ 'ದೇಯ್' ಇದೆ. ಸ್ಕಾಟ್ಸ್‌ನಲ್ಲಿ ಉಳಿದಿರುವ ಮೊದಲ ದೊಡ್ಡ ಕೃತಿಯ ಎರಡನೇ ಸಾಲಿಗೇ ಈ ಮನೆತನದ ಪದ ಬಂದು ಕೂತಿದೆ. ಮುಂದೆ ಕಾವ್ಯದ ಉದ್ದಕ್ಕೂ ದೇಯ್, ದೇರ್, ದೇಮ್. ಅವರು, ಅವರ, ಅವರನ್ನು. ಮೂರೂ.

ಚಾಸರ್ ಏನು ಮಾಡುತ್ತಾನೆ? ಕ್ಯಾಂಟರ್‌ಬರಿ ಯಾತ್ರಿಕರ ಕಥೆಗಳ ಮುನ್ನುಡಿಯ 11ನೇ ಸಾಲಿನಲ್ಲಿ ವಸಂತಕಾಲದ ಹಕ್ಕಿಗಳ ಮಾತು ಬರುತ್ತದೆ. ಪ್ರಕೃತಿ 'ಹೆಮ್' ಅನ್ನು ತಿವಿದು ಎಬ್ಬಿಸುತ್ತದೆ, 'ಹಿರ್' ಎದೆಯೊಳಗೆ. ಅವುಗಳನ್ನು, ಅವುಗಳ. ಅವನ ಬರಹದಲ್ಲಿ 'ದೇಯ್' ಆಗಲೇ ಇದೆ, ಆದರೆ ಷಷ್ಠಿ ಇನ್ನೂ ಹಳೆಯ 'ಹಿರ್'. ಅದೇ ಪದಕ್ಕೆ 'ಅವಳ' ಎಂಬ ಅರ್ಥವೂ ಇದೆ. ಯಾವುದು ಅಂತ ಸಂದರ್ಭ ನೋಡಿ ತಿಳಿಯಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಬಾರ್ಬರ್‌ನ ಕೈಬರಹ ನಮಗೆ ಉಳಿದಿಲ್ಲ. ಇರುವುದು 1487ರ ಒಂದು ಪ್ರತಿ, 1489ರ ಒಂದು ಪ್ರತಿ. ಎರಡೂ ನೂರು ವರ್ಷದ ನಂತರದವು. 1487ರ ಪ್ರತಿಯಲ್ಲಿ ಕಾವ್ಯದ ಆರಂಭವೇ ಕಳೆದುಹೋಗಿದೆ, ಹಾಗಾಗಿ ನಾನು ಹೇಳಿದ ಆ ಎರಡು ಸಾಲು 1489ರ ಪ್ರತಿಯಿಂದ. ನಕಲು ಮಾಡಿದವನು ತನ್ನ ಕಾಲದ ಕಾಗುಣಿತ ಹಾಕಿರಬಹುದು. ಆದರೆ ಉತ್ತರದಲ್ಲಿ ಈ ಪದ ಹಳೆಯದು ಅನ್ನುವುದಕ್ಕೆ ಬೇರೆ ಸಾಕ್ಷಿಯೂ ಇದೆ. 12ನೇ ಶತಮಾನದಲ್ಲೇ ಲಿಂಕನ್‌ಶೈರ್ ಕಡೆಯ ಆರ್ಮ್ ಎಂಬ ಸನ್ಯಾಸಿ 'ದೇರ್' ಪದದ ಹಳೆಯ ರೂಪವನ್ನು ಬರೆದಿದ್ದಾನೆ. ಅವನ ಊರು ವೈಕಿಂಗರು ನೆಲೆಸಿದ ಸೀಮೆಯಲ್ಲೇ ಇತ್ತು.

ಲಂಡನ್ನಿಗೆ ಈ ಮೂರು ಪದಗಳು ಒಟ್ಟಿಗೆ ಹೋಗಲಿಲ್ಲ. ಮೊದಲು 'ದೇಯ್', ಆಮೇಲೆ 'ದೇರ್', ಎಲ್ಲಕ್ಕಿಂತ ಕೊನೆಗೆ 'ದೆಮ್'. 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ ಹೊತ್ತಿಗೆ 'ದೇರ್' ಅಲ್ಲಿ ಕಾಲೂರುತ್ತಿತ್ತು. ಹಳೆಯ 'ಹೆಮ್' ಪೂರ್ತಿ ಸಾಯಲಿಲ್ಲ. ಇವತ್ತಿಗೂ ಇಂಗ್ಲಿಷ್ ಆಡುಮಾತಿನಲ್ಲಿ 'ಗೆಟ್ ಎಮ್' ಅನ್ನುತ್ತಾರಲ್ಲ, ಆ 'ಎಮ್' ಇದೇ 'ಹೆಮ್'. 'ದೆಮ್' ಅನ್ನುವುದರ ತುಂಡು ಅಂತ ಎಲ್ಲರೂ ಅಂದುಕೊಂಡಿದ್ದಾರೆ.

ಈಗ ಗೋಡೆಯ ಮೇಲಿನ ಚಿತ್ರ ನೋಡಿ. 16ನೇ ಶತಮಾನದ ಸ್ಕಾಟ್ಸ್ ಆಸ್ತಿಪತ್ರಗಳಲ್ಲಿ ಮತ್ತೆಮತ್ತೆ ಬರುವ ಒಂದು ಮಾತು: 'ದೇರ್ ಏರಿಸ್'. ಅವರ ವಾರಸುದಾರರು. ಆದರೆ ಬರೆದಿರುವುದು ಹೇಗೆ? ಮೊದಲ ಪದದಲ್ಲಿ ನಿಮಗೆ ಕಾಣುವುದು ವೈ, ಎ, ಐ, ಆರ್. 'ಯೇರ್' ಅಂತ ಓದಿದಿರಿ, ಅಲ್ವಾ? ಎಲ್ಲರೂ ಮೊದಲು ಹಾಗೇ ಓದುತ್ತಾರೆ. ಅದು ವೈ ಅಲ್ಲ. ಥಾರ್ನ್ ಎಂಬ ಹಳೆಯ ಅಕ್ಷರ. ನೆಟ್ಟಗಿನ ಒಂದು ಕಡ್ಡಿ, ಅದರ ನಡುವಿಗೆ ಒಂದು ಹೊಟ್ಟೆ. ಒಂದೇ ಅಕ್ಷರಕ್ಕೆ ಥ, ದ ಎರಡೂ ಸದ್ದು. ಬರೆಯುತ್ತಾ ಬರೆಯುತ್ತಾ ಕಡ್ಡಿಯ ತಲೆ ಗಿಡ್ಡವಾಯಿತು, ಹೊಟ್ಟೆಯ ಮೇಲ್ಭಾಗ ತೆರೆದುಕೊಂಡಿತು, ಕೊನೆಗೆ ವೈಗೂ ಅದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಆದರೆ ಗುಮಾಸ್ತನಿಗೆ ಗೊಂದಲವೇನಿರಲಿಲ್ಲ. ಅವನು ಬರೆದದ್ದು 'ದೇರ್', ಓದಿದ್ದು 'ದೇರ್'.

ಹಾಗಾದರೆ ನಿಜವಾದ ಯಕಾರ ಬೇಕಾದಾಗ? ಅದಕ್ಕೆ ಇನ್ನೊಂದು ಅಕ್ಷರ ಇತ್ತು, ಯಾಖ್ ಅಂತ. ನೋಡಲು 3 ಅಂಕಿಯ ಹಾಗೆ, ಬಾಲ ಸ್ವಲ್ಪ ಕೆಳಗೆ ಇಳಿದಿರುತ್ತದೆ. 'ನಿಮ್ಮ' ಅನ್ನುವುದಕ್ಕೆ ಸ್ಕಾಟ್ಸ್ ಪದ 'ಯೂರ್', ಅದನ್ನು ಬರೆಯುತ್ತಿದ್ದದ್ದು ಈ 3ರಿಂದ. ರಾಜನಿಗೆ ಬರೆದ ಮನವಿಗಳಲ್ಲಿ 'ಯೂರ್ ಗ್ರೇಸ್' ಅಂತ ಬರುತ್ತದೆ. ಇವರಲ್ಲೂ ನಮ್ಮ ಹಾಗೆ ನಿನ್ನ, ನಿಮ್ಮ ಎಂಬ ಭೇದ ಇತ್ತು. ಸಲಿಗೆಗೆ, ದೇವರಿಗೆ 'ದೈ', ಗೌರವಕ್ಕೆ 'ಯೂರ್'. ಒಬ್ಬನಿಗೇ ಹೇಳುವಾಗಲೂ ಬಹುವಚನ.

ಅಚ್ಚುಕೂಟ ಬಂದಾಗ ತೊಂದರೆ ಶುರುವಾಯಿತು. 1508ರಲ್ಲಿ ಚೆಪ್‌ಮನ್ ಮತ್ತು ಮಿಲರ್ ಇದೇ ಊರಿನಲ್ಲಿ, ಎಡಿನ್‌ಬರೋದ ಕೌಗೇಟ್ ಬೀದಿಯಲ್ಲಿ, ಸ್ಕಾಟ್ಲೆಂಡಿನ ಮೊದಲ ಪುಸ್ತಕಗಳನ್ನು ಅಚ್ಚು ಹಾಕಿದರು. ಸ್ಕಾಟ್ಲೆಂಡಿನ ಮುದ್ರಕರಿಗೆ ಯಾಖ್ ಅಕ್ಷರದ ಮೊಳೆ ಸಿಗದಿದ್ದಾಗ, ನೋಡಲು ಹತ್ತಿರವಿದ್ದ ಝಡ್ ಜೋಡಿಸಿದರು. 'ಯೂರ್' ಪುಟದ ಮೇಲೆ 'ಝೂರ್' ಥರ ಕಾಣತೊಡಗಿತು. ಓದುವವರಿಗೆ ಗೊತ್ತಿತ್ತು. ಮರೆತದ್ದು ಮುಂದಿನ ತಲೆಮಾರು. ಸರ್ವನಾಮದಲ್ಲಿ ಆ ಝಡ್ ಆಮೇಲೆ ಹೋಯಿತು, ಹೆಸರುಗಳಲ್ಲಿ ಅಂಟಿಕೊಂಡಿತು. ಇಲ್ಲಿ 'ಮೆನ್‌ಝೀಸ್' ಅಂತ ಬರೆದ ಹೆಸರನ್ನು ಹಳಬರು 'ಮಿಂಗಿಸ್' ಅನ್ನುವುದು ಕೇಳಿದ್ದೀರಿ. ಕಡಲ ದಂಡೆಯ 'ಕಲ್‌ಝೀನ್' ಕೋಟೆಯನ್ನು 'ಕಲೇನ್' ಅನ್ನುತ್ತಾರೆ. ಹೊಸಬರಿಗೆ ವಿಚಿತ್ರ ಅನಿಸುತ್ತದೆ. 'ನಿಮ್ಮ' ಎಂಬ ಪದಕ್ಕೆ ಆದ ಗತಿಯೇ ಈ ಹೆಸರುಗಳಿಗೂ ಆದದ್ದು.

'ನನ್ನ' ಪದವನ್ನು ಬಿಟ್ಟರೆ ಬೇಜಾರಾಗುತ್ತದೆ. ಅದಕ್ಕೆ ಒಂದು ಕಾಗದ ತೋರಿಸುತ್ತೇನೆ. 1400ರ ಫೆಬ್ರವರಿ. ಸ್ಕಾಟ್ಲೆಂಡಿನ ಸಾಮಂತ ಜಾರ್ಜ್ ಡನ್‌ಬಾರ್ ಇಂಗ್ಲೆಂಡಿನ ರಾಜ ನಾಲ್ಕನೇ ಹೆನ್ರಿಗೆ ಬರೆದ ಕಾಗದ. ಆಗ ದೊಡ್ಡವರು ಲ್ಯಾಟಿನ್‌ನಲ್ಲೋ ಫ್ರೆಂಚ್‌ನಲ್ಲೋ ಬರೆಯಬೇಕು. ಇವನು ತನ್ನ ನುಡಿಯಲ್ಲಿ ಬರೆದ. ನಾನು 'ಇಂಗ್ಲಿಸ್'ನಲ್ಲಿ 'ಮೈ ಲೆಟರ್ಸ್' ಬರೆದೆ ಅಂತ ಆಶ್ಚರ್ಯಪಡಬೇಡಿ, 'ಮೈನ್ ಅಂಡರ್‌ಸ್ಟ್ಯಾಂಡಿಂಗ್'ಗೆ ಲ್ಯಾಟಿನ್, ಫ್ರೆಂಚ್‌ಗಿಂತ ಅದೇ ಹೆಚ್ಚು ತಿಳಿ, ಅಂದ. ಉಚ್ಚಾರವನ್ನು ಈಗಿನ ಥರ ಓದುತ್ತಿದ್ದೇನೆ, ಗಮನಿಸಬೇಕಾದ್ದು ಬೇರೆ. ಒಂದೇ ವಾಕ್ಯದಲ್ಲಿ 'ನನ್ನ' ಎರಡು ಸಲ ಬಂದಿದೆ, ಎರಡು ರೂಪದಲ್ಲಿ. ವ್ಯಂಜನದ ಮುಂದೆ 'ಮೈ', ಸ್ವರದ ಮುಂದೆ 'ಮೈನ್'. ಎರಡು ಸ್ವರ ಡಿಕ್ಕಿ ಹೊಡೆಯದ ಹಾಗೆ ಹಳೆಯ ನಕಾರ ಅಲ್ಲಿ ಉಳಿದಿದೆ. ಸಂಧಿ ಕಲಿತ ನಮಗೆ ಇದು ಅರ್ಥವಾಗಲು ಎಷ್ಟು ಹೊತ್ತು? ಆ ಕಾಗದ ನನಗೆ ತುಂಬ ಇಷ್ಟ. ಒಬ್ಬ ಮನುಷ್ಯ ತನ್ನ ತಿಳಿವಿಗೆ ಹತ್ತಿರವಾದ ಭಾಷೆಯಲ್ಲಿ, ಯಾವ ಅಂಜಿಕೆಯೂ ಇಲ್ಲದೆ, ರಾಜನೊಬ್ಬನಿಗೆ ಬರೆದದ್ದು.

ಮುಂದೆ 1424ರಿಂದ ಸ್ಕಾಟ್ಲೆಂಡಿನ ಸಂಸತ್ತಿನ ಕಾಯಿದೆಗಳೇ ಲ್ಯಾಟಿನ್ ಬಿಟ್ಟು ಸ್ಕಾಟ್ಸ್‌ನಲ್ಲಿ ಬಂದವು. ನೂರೈವತ್ತು ವರ್ಷ ಅದು ರಾಜ್ಯದ ಭಾಷೆ, ಕೋರ್ಟಿನ ಭಾಷೆ, ಕಾವ್ಯದ ಭಾಷೆ.

ಆಮೇಲೆ ಗಾಳಿ ತಿರುಗಿತು. 1560ರಲ್ಲಿ ಧರ್ಮ ಸುಧಾರಣೆ ಆಯಿತು, ದೇಶ ಕ್ಯಾಥೊಲಿಕ್ ಚರ್ಚ್ ಬಿಟ್ಟು ಪ್ರೊಟೆಸ್ಟಂಟ್ ಆಯಿತು. ಮನೆಮನೆಗೂ ಬೈಬಲ್ ಬೇಕು ಅಂದರು. ಸ್ಕಾಟ್ಸ್ ಬೈಬಲ್ ಇರಲಿಲ್ಲ. 1520ರ ಸುಮಾರಿಗೆ ಮರ್ಡಾಕ್ ನಿಸ್ಬೆಟ್ ಎಂಬಾತ ಹೊಸ ಒಡಂಬಡಿಕೆಯನ್ನು ಸ್ಕಾಟ್ಸ್‌ಗೆ ತಂದಿದ್ದ, ಆದರೆ ಅದು ಕೈಬರಹದಲ್ಲೇ ಉಳಿದು ಅಚ್ಚಾದದ್ದು 20ನೇ ಶತಮಾನದ ಆರಂಭದಲ್ಲಿ. ಹಾಗಾಗಿ 1579ರಲ್ಲಿ ಸ್ಕಾಟ್ಲೆಂಡಿನಲ್ಲೇ ಮೊದಲ ಸಲ ಪೂರ್ತಿ ಬೈಬಲ್ ಅಚ್ಚಾದಾಗ ಅದು ಇಂಗ್ಲಿಷಿನಲ್ಲಿತ್ತು. ಅದೇ ವರ್ಷ ಅನುಕೂಲಸ್ಥರ ಮನೆಗಳಲ್ಲಿ ಬೈಬಲ್ ಇರಲೇಬೇಕು ಅಂತ ಕಾಯಿದೆಯೂ ಬಂತು. ದೇವರ ಮಾತು ಒಂದು ಕಾಗುಣಿತದಲ್ಲಿ, ಮನೆಮಾತು ಇನ್ನೊಂದರಲ್ಲಿ. ಜನ ಯಾವುದನ್ನು ದೊಡ್ಡದು ಅಂದುಕೊಳ್ಳುತ್ತಾರೆ? ಇದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ರಾಜನೂ ಅದೇ ಹಾದಿ ಹಿಡಿದ. ಆರನೇ ಜೇಮ್ಸ್ ತನ್ನ ಮಗನಿಗೆ ರಾಜನೀತಿಯ ಪುಸ್ತಕವೊಂದನ್ನು ಸ್ವಂತ ಕೈಯಲ್ಲಿ ಬರೆದ, ಸ್ಕಾಟ್ಸ್ ಕಾಗುಣಿತದಲ್ಲಿ. 1599ರಲ್ಲಿ ಏಳೇ ಏಳು ಪ್ರತಿ ಅಚ್ಚಾಯಿತು, ಆಗಲೇ ಕಾಗುಣಿತ ಇಂಗ್ಲಿಷಿನತ್ತ ವಾಲಿತ್ತು. 1603ರಲ್ಲಿ ಅವನೇ ಇಂಗ್ಲೆಂಡಿನ ರಾಜನೂ ಆಗಿ ಲಂಡನ್ನಿಗೆ ಹೊರಟ. ಎಲ್ಲರೂ ಸುಮ್ಮನೆ ಒಪ್ಪಿಕೊಂಡರು ಅಂತಲ್ಲ. ಸ್ಕಾಟ್ಸ್‌ನಲ್ಲಿ 'ಯಾರ' ಅನ್ನುವುದಕ್ಕೆ ಇದ್ದ ಪದವನ್ನು ಕ್ಯೂ, ಯು, ಎಚ್ ಹಾಕಿ ಬರೆಯುತ್ತಿದ್ದರು. ಗಂಟಲಿನಿಂದ ಬರುವ ಸದ್ದು ಅದು. ಇಂಗ್ಲೆಂಡಿನವರು ಡಬ್ಲ್ಯೂ, ಎಚ್ ಹಾಕುತ್ತಿದ್ದರು. 1617ರ ಸುಮಾರಿಗೆ ಅಲೆಕ್ಸಾಂಡರ್ ಹ್ಯೂಮ್ ಎಂಬ ಮೇಷ್ಟರು ಕಾಗುಣಿತದ ಬಗ್ಗೆ ಪುಸ್ತಕ ಬರೆದು ರಾಜನಿಗೆ ಅರ್ಪಿಸಿದರು. ಅದರಲ್ಲಿ ಬಾತ್ ಊರಿನ ಊಟದ ಮೇಜಿನಲ್ಲಿ ಇಂಗ್ಲಿಷರ ಜೊತೆ ನಡೆದ ವಾದವನ್ನು ಹೇಳಿದ್ದಾರೆ. ತುಟಿಯ ಅಕ್ಷರ ಗಂಟಲಿನ ಸದ್ದನ್ನು ಸೂಚಿಸಲಾರದು ಅಂತ ಅವರ ಪಟ್ಟು. ಎಂಥ ಸರಿಯಾದ ಮಾತು! ಆದರೂ ಅಚ್ಚಿನಲ್ಲಿ ಗೆದ್ದದ್ದು ಡಬ್ಲ್ಯೂ.

'ದೇರ್'ಗೂ ಅದೇ ಆಯಿತು. ಎ, ಐ ಹೋಗಿ ಇ, ಐ ಬಂತು. ಧರ್ಮದ ಪುಸ್ತಕಗಳು ಬೇಗ ಬದಲಾದವು, ಸರ್ಕಾರಿ ದಾಖಲೆಗಳು ನಿಧಾನವಾಗಿ. 1786ರಲ್ಲಿ ರಾಬರ್ಟ್ ಬರ್ನ್ಸ್‌ನ ಕವಿತೆಗಳು ಬಂದಾಗ ಆ ಸ್ಕಾಟ್ಸ್ ಕವಿತೆಗಳ ಒಳಗೂ 'ದೇರ್' ಇಂಗ್ಲಿಷ್ ಕಾಗುಣಿತದಲ್ಲೇ ಕೂತಿತ್ತು.

ವೈಕಿಂಗರ ಸ್ವಂತ ಭಾಷೆಗೆ ಏನಾಯಿತು ಅಂತಲೂ ಹೇಳಬೇಕು. ಉತ್ತರದ ಆರ್ಕ್ನಿ, ಶೆಟ್‌ಲ್ಯಾಂಡ್ ದ್ವೀಪಗಳು 1468, 1469ರವರೆಗೆ ಡೆನ್ಮಾರ್ಕ್-ನಾರ್ವೆ ರಾಜನವು. ಮಗಳನ್ನು ಸ್ಕಾಟ್ಲೆಂಡಿನ ಮೂರನೇ ಜೇಮ್ಸ್‌ಗೆ ಕೊಟ್ಟಾಗ ವರದಕ್ಷಿಣೆ ಹಣ ಹೊಂದಿಸಲಾಗದೆ ದ್ವೀಪಗಳನ್ನೇ ಒತ್ತೆ ಇಟ್ಟ. ಬಿಡಿಸಿಕೊಳ್ಳಲೇ ಇಲ್ಲ. ನಾರ್ಸ್‌ನಿಂದ ಬೆಳೆದ ಅಲ್ಲಿನ ನಾರ್ನ್ ಭಾಷೆ ನಿಧಾನವಾಗಿ ಸ್ಕಾಟ್ಸ್‌ಗೆ ಜಾಗ ಬಿಟ್ಟಿತು. 1774ರಲ್ಲಿ ಜಾರ್ಜ್ ಲೋ ಎಂಬ ಪಾದ್ರಿ ಫೌಲಾ ಎಂಬ ಪುಟ್ಟ ದ್ವೀಪಕ್ಕೆ ಹೋದಾಗ ಒಬ್ಬ ಮುದುಕನ ಬಾಯಿಂದ ಪ್ರಾರ್ಥನೆಯೊಂದನ್ನು ಬರೆದುಕೊಂಡ. ಅದು ಶುರುವಾಗುವುದು 'ಫೀ ವೋರ್' ಅಂತ. ತಂದೆ ನಮ್ಮ. ಮುಂದೆ 'ನಾಮ್ ದಿತ್'. ಹೆಸರು ನಿನ್ನ. ಷಷ್ಠಿ ನಾಮಪದದ ಹಿಂದೆ ಬರುತ್ತದೆ, ನೋಡಿ. ಆ 'ವೋರ್', ಆ 'ದಿತ್' ಈಗ ಯಾರ ಬಾಯಲ್ಲೂ ಇಲ್ಲ. ಅದೇ ಬಳಗದ 'ಥೇಯ್ರ' ಮಾತ್ರ ಬೆಂಗಳೂರಿನ ಆಫೀಸಿನ ಈಮೇಲ್‌ನಲ್ಲೂ ಇದೆ.

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದ್ದು: 'ಅದರ' ಅನ್ನುವುದಕ್ಕೆ ಏನಿತ್ತು?

ಬೇರೆ ಪದ ಇರಲಿಲ್ಲ. ಅವನ, ಅದರ ಎರಡಕ್ಕೂ 'ಹಿಸ್'. ಬೇಡವೆನಿಸಿದರೆ 'ದೇರಾಫ್', ಅಂದರೆ 'ಅದರದ್ದು' ಅಂತ ಸುತ್ತಿ ಹೇಳುತ್ತಿದ್ದರು, ಆಸ್ತಿಪತ್ರಗಳಲ್ಲಿ ಅದು ತುಂಬಿ ತುಳುಕುತ್ತದೆ. ಆ 'ದೇರ್' ಬೇರೆ, 'ಅಲ್ಲಿ' ಅಂತ ಅರ್ಥ. ಕಾಗುಣಿತ ಮಾತ್ರ ಎಷ್ಟೋ ಕಡೆ ಎರಡಕ್ಕೂ ಒಂದೇ. 'ಇಟ್ಸ್' ಅಚ್ಚಿನಲ್ಲಿ ಕಾಣುವುದು 16ನೇ ಶತಮಾನದ ಕೊನೆಗೆ, ಇಂಗ್ಲೆಂಡಿನಲ್ಲಿ. ಇದೇ ಜೇಮ್ಸ್ ರಾಜ ಮಾಡಿಸಿದ 1611ರ ಬೈಬಲ್‌ನಲ್ಲೂ ಉಪ್ಪು 'ಹಿಸ್' ರುಚಿ ಕಳೆದುಕೊಂಡರೆ ಅಂತಲೇ ಇದೆ. ಉಪ್ಪಿಗೂ 'ಅವನ'.

ಎರಡನೆಯದು, ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದು. ಅವಳು ಮನೆಪಾಠದಲ್ಲಿ 'ನನ್ನದು' ಅನ್ನುವುದಕ್ಕೆ 'ಮೈನ್ಸ್' ಅಂತ ಬರೆದಳಂತೆ. ಕೊನೆಯ ಎಸ್ ಮೇಲೆ ಕೆಂಪು ಗೀಟು ಬಿತ್ತಂತೆ. ಆಟದ ಬಯಲಲ್ಲಿ ಎಲ್ಲ ಮಕ್ಕಳೂ ಮೈನ್ಸ್ ಅಂತಲೇ ಅನ್ನುತ್ತಾರೆ, ಯಾಕೆ ತಪ್ಪು?

ಪುಟ್ಟಿ, ಯುವರ್ಸ್, ಅವರ್ಸ್, ದೇರ್ಸ್ ಎಲ್ಲದರ ಕೊನೆಯಲ್ಲೂ ಎಸ್ ಇದೆ, ಅಲ್ವಾ? ಆ ಎಸ್ ಹಾಕುವುದನ್ನು ಶುರು ಮಾಡಿದ್ದೇ ಉತ್ತರದವರು. ದಕ್ಷಿಣದ ಹಳ್ಳಿಗಳಲ್ಲಿ ನಕಾರ ಹಾಕಿ 'ಅವರ್ನ್', 'ಹರ್ನ್' ಅನ್ನುತ್ತಿದ್ದರು. ಲಂಡನ್ನಿನವರು ಉತ್ತರದ ಎಸ್ ಒಪ್ಪಿಕೊಂಡರು, 'ಮೈನ್' ಒಂದನ್ನು ಹಾಗೇ ಬಿಟ್ಟರು. ಸ್ಕಾಟರು ಅದಕ್ಕೂ ಹಾಕಿ ಸಾಲು ಪೂರ್ತಿ ಮಾಡಿದರು. ನಿನ್ನ ಗೆಳತಿಯರು ಆಡುವುದು ಸ್ಕಾಟ್ಸ್. ಪರೀಕ್ಷೆಯ ಇಂಗ್ಲಿಷಿನಲ್ಲಿ 'ಮೈನ್' ಅಂತ ಬರಿ. ಆಟದ ಬಯಲಲ್ಲಿ ಚೆಂಡು ನಿನ್ನದಾದಾಗ ಜೋರಾಗಿ 'ಮೈನ್ಸ್' ಅನ್ನು.